ಬಾಣಂತಿ ರೂಮಿನಲ್ಲಿ ಕಣ್ಣುರಿ: ಹೊಸ ವಾರ್ಡ್‌ರೋಬ್, ಹಳೇ ತೊಟ್ಟಿಲು, ಅತ್ತೆಯ ಸಾಂಬ್ರಾಣಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮೈಸೂರಿನ ದಟ್ಟಗಳ್ಳಿಯಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ. ಮಗಳಿಗೆ ಏಳು ತಿಂಗಳು ತುಂಬಿದೆ, ಚೊಚ್ಚಲ ಬಾಣಂತನ ನಮ್ಮಲ್ಲೇ. ಅವಳಿಗೆ ಅಂತ ಮಹಡಿ ರೂಮು ಸರಿ ಮಾಡಿಸಿದ್ದೇವೆ. ಗೋಡೆಯಿಂದ ಗೋಡೆಗೆ ಪ್ಲೈವುಡ್ ವಾರ್ಡ್‌ರೋಬ್, ಹೊಸ ಪೇಂಟು, ಹೊಸ ಫೋಮ್ ಹಾಸಿಗೆ. ಕೆಲಸ ಮುಗಿದು ಒಂದೂವರೆ ತಿಂಗಳಾಯಿತು. ಈಗಲೂ ಬಾಗಿಲು ತೆಗೆದರೆ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ಈರುಳ್ಳಿ ಹೆಚ್ಚಿಟ್ಟೆ, ಇದ್ದಿಲು ಇಟ್ಟೆ, ರೂಮ್ ಫ್ರೆಶ್‌ನರ್ ಹೊಡೆದೆ, ಬೆಳಿಗ್ಗೆ ಸಂಜೆ ಊದುಬತ್ತಿ ಹಚ್ಚಿದೆ. ಬಡಗಿಯವರು "ಹೋಗುತ್ತೆ ಬಿಡಿ ಅಮ್ಮಾ" ಅಂತಾರೆ. ಅಳಿಯಂದಿರು ಏರ್ ಪ್ಯೂರಿಫೈಯರ್ ಕಳಿಸುತ್ತೇನೆ ಅಂದಿದ್ದಾರೆ. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಮಗುವಿಗೆ ಸಾಂಬ್ರಾಣಿ ಹೊಗೆ, ಬಾಣಂತಿ ರೂಮಿಗೆ ಅಗ್ಗಿಷ್ಟಿಕೆ ಇರಲೇಬೇಕು ಅಂತ ಅವರ ಹಟ. ನಮ್ಮ ಯಜಮಾನರು ಮಲಗಿ ಬೆಳೆದ ತೊಟ್ಟಿಲು ಅಟ್ಟದಲ್ಲಿದೆ, ಅದನ್ನು ಕೆರೆದು ಹೊಸ ಬಣ್ಣ ಹೊಡೆಸಬೇಕು ಅಂತಿದ್ದೇನೆ. ಏನು ಮಾಡಲಿ, ಏನು ಬಿಡಲಿ?

ಉತ್ತರ: ಅಮ್ಮಾ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮಗಳನ್ನು ಸದ್ಯಕ್ಕೆ ಆ ರೂಮಿನಲ್ಲಿ ಮಲಗಿಸಬೇಡಿ. ಕೆಳಗೆ ನೀವು ಮಲಗುವ ಹಳೇ ರೂಮನ್ನೇ ಬಾಣಂತಿಗೆ ಬಿಟ್ಟುಕೊಡಿ. ಹಾಗಂತ ನೀವೂ ಮಹಡಿಗೆ ಹೋಗಬೇಡಿ, ಎರಡು ತಿಂಗಳು ಹಾಲಿನಲ್ಲಿ ಚಾಪೆ ಹಾಸಿ. ಅಷ್ಟು ಖರ್ಚು ಮಾಡಿ ರೂಮು ಮಾಡಿಸಿದ್ದೇವೆ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ರೂಮು ಎಲ್ಲೂ ಹೋಗುವುದಿಲ್ಲ. ಸರಿ ಮಾಡಬಹುದು, ಹೇಗೆ ಅಂತ ಬರೆಯುತ್ತೇನೆ.

ಮಗಳು ಪಿಯುಸಿಯಲ್ಲಿ ಸೈನ್ಸ್ ಓದಿದ್ದರೆ ಅವಳಿಗೆ ಬಯಾಲಜಿ ಲ್ಯಾಬು ನೆನಪಿರುತ್ತದೆ. ಗೋಡೆ ಬದಿಯ ಕಪಾಟಿನಲ್ಲಿ ಗಾಜಿನ ಭರಣಿಗಳು, ಒಳಗೆ ಬಿಳಿಚಿಕೊಂಡ ಕಪ್ಪೆ, ಹಾವಿನ ಮರಿ. ಮುಚ್ಚಳ ಸ್ವಲ್ಪ ಸಡಿಲವಾದರೂ ಕಣ್ಣಲ್ಲಿ ನೀರು. ಆ ಭರಣಿಯಲ್ಲಿ ಇರುವುದು ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ನೀರಿನಲ್ಲಿ ಕರಗಿದ್ದು. ನೀವು ಹೇಳುವ ಲಕ್ಷಣ ನೋಡಿದರೆ ನಿಮ್ಮ ವಾರ್ಡ್‌ರೋಬಿನಿಂದ ಬರುತ್ತಿರುವುದೂ ಮುಖ್ಯವಾಗಿ ಇದೇ. ಪ್ರಮಾಣ ಮಾತ್ರ ಭರಣಿಗಿಂತ ತುಂಬಾ ಕಡಿಮೆ.

ಮರದಲ್ಲಿ ಇದು ಎಲ್ಲಿಂದ ಬಂತು ಅಂದರೆ, ಅಂಟಿನಿಂದ. ಪ್ಲೈವುಡ್ ಅಂದರೆ ಹಪ್ಪಳದ ಹಾಗೆ ತೆಳ್ಳಗೆ ಸುಲಿದ ಮರದ ಹಾಳೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಇಟ್ಟು ಬಿಸಿಯಲ್ಲಿ ಒತ್ತಿದ್ದು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಅಂದರೆ ಮರದ ನಾರು, ಪುಡಿಯನ್ನು ಅಂಟಿನ ಜೊತೆ ಕಲಸಿ ಒತ್ತಿದ್ದು. ಅವುಗಳಲ್ಲಿ ಅಂಟಿನ ಪಾಲು ಇನ್ನೂ ಜಾಸ್ತಿ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಆ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಬಿಸಿ ಮತ್ತು ತೇವ ತಾಗಿದ ಹಾಗೆಲ್ಲ ಅದು ಒಂಚೂರು ಒಂಚೂರು ಬಿಚ್ಚಿಕೊಂಡು ಅನಿಲ ಬಿಡುತ್ತದೆ. ಮೊದಲ ಕೆಲವು ತಿಂಗಳು ಜೋರು, ಆಮೇಲೆ ಕಮ್ಮಿ. ಪೂರ್ತಿ ನಿಲ್ಲಲು ವರ್ಷಗಳೇ ಬೇಕು. ನಿಮ್ಮ ಬಡಗಿಯವರು "ಹೋಗುತ್ತೆ" ಅಂದಿದ್ದು ಸುಳ್ಳಲ್ಲ. ಯಾವಾಗ ಅಂತ ಹೇಳಲಿಲ್ಲ, ಅಲ್ವಾ?

ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು ನಿಜ. ಆದರೆ ಆ ತೀರ್ಮಾನದ ಹಿಂದೆ ಇರುವುದು ಮುಖ್ಯವಾಗಿ ಕಾರ್ಖಾನೆ, ಶವಾಗಾರದಂಥ ಜಾಗಗಳಲ್ಲಿ ವರ್ಷಗಟ್ಟಲೆ ಇದನ್ನು ಉಸಿರಾಡಿದವರ ಕಥೆ. ಮನೆಯ ಮಟ್ಟದಲ್ಲಿ ನಾವು ನೋಡುವುದು ಕಣ್ಣುರಿ, ಗಂಟಲು ಕೆರೆತ, ತಲೆನೋವು, ಇರುವ ಅಸ್ತಮಾ ಕೆರಳುವುದು. ಒಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಾಕಿದ ಮಿತಿ ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿ. ಒಂದೂವರೆ ತಿಂಗಳಾದ ಮೇಲೂ ಬಾಗಿಲು ತೆಗೆದ ತಕ್ಷಣ ಕಣ್ಣು ಉರಿಯುತ್ತದೆ ಅಂದರೆ ಮುಚ್ಚಿದ ರೂಮಿನಲ್ಲಿ ಆ ಮಿತಿ ದಾಟಿರುವ ಸಾಧ್ಯತೆ ಜಾಸ್ತಿ. ದೊಡ್ಡವರು ರೂಮಿಗೆ ಹೋಗಿ ಬರುತ್ತಾರೆ. ಹಸುಗೂಸು ದಿನದ ಇಪ್ಪತ್ತು ಗಂಟೆ ಅಲ್ಲೇ ಇರುತ್ತದೆ, ಉಸಿರೂ ನಮಗಿಂತ ಬೇಗ ಬೇಗ ಆಡುತ್ತದೆ.

ಆನ್‌ಲೈನಿನಲ್ಲಿ ಸಿಗುವ ಸಣ್ಣ ಮೀಟರುಗಳನ್ನು ತರಿಸಬೇಡಿ. ಸ್ಯಾನಿಟೈಸರ್ ಕೈ ಹತ್ತಿರ ಹಿಡಿದರೂ ಫಾರ್ಮಾಲ್ಡಿಹೈಡ್ ಅಂತ ಕೂಗಿಕೊಳ್ಳುತ್ತವೆ. ಒಂದು ಮನೆಯಲ್ಲಿ ಅದು ದೋಸೆಗೂ ಕೂಗಿದ್ದನ್ನು ನೋಡಿದ್ದೇನೆ. ಅದಕ್ಕಿಂತ ಸ್ಟೀಲ್ ಡಬ್ಬಿ ಒಳ್ಳೆಯದು. ಬಡಗಿಯವರ ಹತ್ತಿರ ಉಳಿದ ಚೂರು ಇದ್ದೇ ಇರುತ್ತದೆ. ಅಂಗೈ ಅಗಲದ ಒಂದು ಪ್ಲೈವುಡ್ ತುಂಡು, ಒಂದು ಪಾರ್ಟಿಕಲ್ ಬೋರ್ಡ್ ತುಂಡು ಇದ್ದರೆ ಅದು, ಹಾಸಿಗೆ ಅಂಚಿನಿಂದ ಒಂದು ಚೂರು ಫೋಮ್. ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ದಿನ ಇಡಿ. ಮಾರನೇ ದಿನ ಮುಚ್ಚಳ ತೆಗೆದು ಕೈಯಲ್ಲಿ ಮೆಲ್ಲಗೆ ಗಾಳಿ ಬೀಸಿಕೊಂಡು ಮೂಸಿ, ಮೂಗು ಒಳಗೆ ತೂರಿಸಬೇಡಿ. ಯಾವುದು ಕಣ್ಣಿಗೆ ಚುಚ್ಚುತ್ತದೋ ಅದೇ ಕಳ್ಳ. ಈ ಕೆಲಸ ಮಗಳ ಕೈಯಲ್ಲಿ ಮಾಡಿಸಬೇಡಿ.

ಇನ್ನು ನೀವು ಮಾಡಿದ ಉಪಾಯಗಳು. ಈರುಳ್ಳಿಯಿಂದ ಈರುಳ್ಳಿ ವಾಸನೆ ಬರುತ್ತದೆ, ಬೇರೇನೂ ಆಗುವುದಿಲ್ಲ. ಒಲೆ ಇದ್ದಿಲಿಗೆ ಫಾರ್ಮಾಲ್ಡಿಹೈಡ್ ಹಿಡಿಯುವ ಶಕ್ತಿ ಇಲ್ಲ. ಫಿಲ್ಟರಿಗೆ ಅಂತಲೇ ತಯಾರಿಸಿದ ಆಕ್ಟಿವೇಟೆಡ್ ಕಾರ್ಬನ್ ಕೂಡ ಈ ಅನಿಲದ ವಿಷಯದಲ್ಲಿ ಸೋಲುತ್ತದೆ. ರೂಮ್ ಫ್ರೆಶ್‌ನರ್ ಮಾತ್ರ ನಿಜಕ್ಕೂ ಕೆಡುಕು. ನಿಂಬೆ, ಕಿತ್ತಳೆ ಪರಿಮಳದವುಗಳಲ್ಲಿ ಲಿಮೋನೀನ್ ಅನ್ನುವ ವಸ್ತು ಇರುತ್ತದೆ. ಹೊರಗಿನಿಂದ ಬರುವ ಓಝೋನ್ ಜೊತೆ ಸೇರಿದರೆ ಅದು ಮತ್ತೆ ಫಾರ್ಮಾಲ್ಡಿಹೈಡನ್ನೇ ಹುಟ್ಟಿಸುತ್ತದೆ. ಅಂದರೆ ಕಳ್ಳನನ್ನು ಹಿಡಿಯಲು ಅವನ ತಮ್ಮನನ್ನೇ ಕಾವಲಿಗೆ ಕರೆದ ಹಾಗಾಯಿತು.

ಸರಿ, ವಾರ್ಡ್‌ರೋಬಿಗೆ ಬರೋಣ. ನಮ್ಮ ಮನೆಯಲ್ಲೇ ಆದ ಎಡವಟ್ಟು ಹೇಳುತ್ತೇನೆ. ಒಳಗಿನ ಗಾಳಿ ಅಳೆಯುವುದೇ ನನ್ನ ಕೆಲಸ. ಆದರೂ ಮನೆಗೆ ಕಪಾಟು ಮಾಡಿಸಿದಾಗ ಮುಂದಿನ ಮೈಕಾ ಬಣ್ಣ ನೋಡುವುದರಲ್ಲೇ ಮೈಮರೆತೆ. ವಾಸನೆ ಹೋಗಲಿಲ್ಲ. ಒಂದು ಭಾನುವಾರ ಡ್ರಾಯರ್ ಎಲ್ಲ ಹೊರಗೆಳೆದು, ಮೊಬೈಲ್ ಟಾರ್ಚ್ ಹಿಡಿದು, ಬೆನ್ನು ಮೇಲಾಗಿ ಮಲಗಿ ಒಳಗೆ ತಲೆ ಹಾಕಿದೆ. ಮುಂದೆಲ್ಲ ಹೊಳೆಯುವ ಮೈಕಾ. ಡ್ರಾಯರ್ ತಳ, ಹಿಂದಿನ ಹಲಗೆ, ಗೋಡೆ ಕಡೆಯ ಮುಖ, ಹಿಂಜ್ ಕೂರಿಸಲು ಕೊರೆದ ಬಟ್ಟಲು, ವೈರ್ ಹೋಗಲು ಮಾಡಿದ ತೂತು, ಎಲ್ಲ ಬರೀ ಮೈ. ಅನಿಲ ಹೊರಗೆ ಬರುವುದು ಹೆಚ್ಚಾಗಿ ಇಂಥ ಕತ್ತರಿಸಿದ ಅಂಚಿನಿಂದ, ಮುಚ್ಚದ ಮುಖದಿಂದ. ಮೈಕಾ ಅಂಟಿಸಿದ ಮುಖದಿಂದ ಬರುವುದು ತೀರಾ ಕಡಿಮೆ.

ಆದ್ದರಿಂದ ಬಡಗಿಯವರನ್ನು ಇನ್ನೊಂದು ದಿನ ಕರೆಸಿ. ಕಾಣುವ ಅಂಚುಗಳಿಗೆ ಎಡ್ಜ್ ಬ್ಯಾಂಡ್ ಹಾಕಿಸಿ. ಕಾಣದ ತಳ, ಹಿಂಭಾಗ, ತೂತುಗಳಿಗೆ ನೀರಿನಲ್ಲಿ ಕಲಸುವ ಬಗೆಯ ಪಿಯು (ಪಾಲಿಯುರೆಥೇನ್) ಸೀಲರ್ ಎರಡು ಕೋಟು. ಒಂದು ಕೋಟು ಮರ ಕುಡಿದುಬಿಡುತ್ತದೆ, ಎರಡನೆಯದೇ ತಡೆಯುವುದು. ಥಿನ್ನರ್ ಬೆರೆಸುವ ಮಾಮೂಲಿ ಪಾಲಿಶ್ ಬೇಡ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಒಂದು ಘಾಟು ಓಡಿಸಲು ಹೋಗಿ ಇನ್ನೊಂದು ತಂದುಕೊಂಡಂತೆ. ಮೈಕಾ ಅಂಟಿಸುವಾಗಲೂ ಅಷ್ಟೇ. ಡಬ್ಬದಿಂದ ತೆಗೆದು ಬಳಿಯುವ ಹಳದಿ ರಬ್ಬರ್ ಅಂಟಿನಲ್ಲಿ ಟಾಲ್ವೀನ್‌ನಂಥ ದ್ರಾವಕ ಇರುತ್ತದೆ, ತಲೆ ಸುತ್ತಿಸುವುದು ಅದೇ. ಬಿಳಿ ಅಂಟು ಒಣಗಲು ಹೊತ್ತು ತೆಗೆದುಕೊಂಡರೂ ಮೂಗಿಗೆ ಹಿತ. ಗೋಡೆಗೆ ಅಂಟಿದ ಹಿಂಭಾಗ ಬಿಚ್ಚಲು ಬರದಿದ್ದರೆ ಬಿಡಿ, ಸಂದಿಗೆ ಸೀಲಂಟ್ ಎಳೆಯಲಿ.

ಮುಂದೆ ಕೆಳಗಿನ ರೂಮಿಗೋ ಅಡುಗೆಮನೆಗೋ ಮರದ ಕೆಲಸ ಮಾಡಿಸುವಾಗ ಇದನ್ನು ನೆನಪಿಡಿ. ಅಂಗಡಿಯಲ್ಲಿ ಕಮರ್ಷಿಯಲ್ ಅಥವಾ ಎಂಆರ್ (ತೇವ ತಡೆಯುವ ಬಗೆ) ಅಂತ ಕೊಡುವ ಪ್ಲೈವುಡ್‌ನಲ್ಲಿ ಸಾಮಾನ್ಯವಾಗಿ ಯೂರಿಯಾ ಅಂಟು. ಬಿಡಬ್ಲ್ಯುಆರ್ (ಕುದಿಯುವ ನೀರು ತಡೆಯುವ ಬಗೆ), ಮತ್ತೆ ಐಎಸ್ 710 ಗುರುತಿನ ಮರೀನ್ ಪ್ಲೈನಲ್ಲಿ ಫಿನಾಲ್ ಜಾತಿಯ ಅಂಟು. ಅದು ನೀರಿಗೂ ಬಗ್ಗುವುದಿಲ್ಲ, ಅನಿಲವನ್ನೂ ತುಂಬಾ ಕಡಿಮೆ ಬಿಡುತ್ತದೆ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಫಿನಾಲ್ ಅಂಟಾದರೆ ಹಾಳೆಗಳ ನಡುವೆ ಕಡು ಕಂದು ಗೆರೆ ಓಡಿರುತ್ತದೆ, ಯೂರಿಯಾದ್ದಾದರೆ ಗೆರೆ ಕಾಣುವುದೇ ಕಷ್ಟ. ಅದೊಂದನ್ನೇ ನಂಬಿ ದುಡ್ಡು ಕೊಡಬೇಡಿ, ಹಲಗೆ ಮೇಲಿನ ಐಎಸ್‌ಐ ಮುದ್ರೆ ನೋಡಿ, ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಬೋರ್ಡಿನ ಗುರುತಾದ ಇ1 ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಅಥವಾ ಸುಮ್ನೆ ಒಂದು ಕಬ್ಬಿಣದ ಬೀರು ತನ್ನಿ. ನಮ್ಮ ತಾಯಂದಿರ ಕಾಲದ ಬೀರುವಿಗೆ ಬೇರೆ ಏನೇ ಕುಂದು ಇರಲಿ, ಅದು ಕಣ್ಣು ಉರಿಸಲಿಲ್ಲ.

ಅಂಚು ಮುಚ್ಚಿದ ಮೇಲೆ ಗಾಳಿ. ನೀವು ಬರೆಯುತ್ತಿರುವುದು ಬೇಸಿಗೆಯಲ್ಲಿ, ಇದು ನಿಮ್ಮ ಅದೃಷ್ಟ. ಬಿಸಿಗೆ ಬೋರ್ಡು ಜಾಸ್ತಿ ಅನಿಲ ಕಾರುತ್ತದೆ. ಕಾರಲಿ ಬಿಡಿ, ಅದನ್ನು ಹೊರಗೆ ಕಳಿಸಿದರೆ ಆಯಿತು. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ವಾರ್ಡ್‌ರೋಬಿನ ಬಾಗಿಲು, ಡ್ರಾಯರು ಎಲ್ಲ ತೆರೆದಿಡಿ. ಒಂದು ಕಿಟಕಿಗೆ ಟೇಬಲ್ ಫ್ಯಾನ್ ಮುಖ ಹೊರಗೆ ಮಾಡಿ ಇಡಿ. ಎಲ್ಲರೂ ಫ್ಯಾನ್ ಒಳಗೆ ತಿರುಗಿಸಿ ಇರುವ ಗಾಳಿಯನ್ನೇ ಕಲಕುತ್ತಾರೆ. ಎದುರು ಬದಿಯ ಕಿಟಕಿ ಅಥವಾ ಬಾಲ್ಕನಿ ಬಾಗಿಲು ತೆರೆದಿರಲಿ, ಮೆಟ್ಟಿಲ ಕಡೆಯ ಬಾಗಿಲು ಮುಚ್ಚಿರಲಿ. ಇಲ್ಲದಿದ್ದರೆ ಅದೇ ಗಾಳಿ ಕೆಳಗಿನ ರೂಮಿಗೆ ಇಳಿಯುತ್ತದೆ. ಕೆಲಸ ಆಗುತ್ತಿದೆಯಾ ಅಂತ ನೋಡಲು ಎದುರಿನ ಕಿಟಕಿಗೆ ಒಂದು ತೆಳು ಕಾಗದದ ಪಟ್ಟಿ ಹಿಡಿಯಿರಿ. ಪಟ್ಟಿ ಒಳಮುಖವಾಗಿ ಬಾಗಿದರೆ ಸರಿ. ಮಳೆಗಾಲ ಹಿಡಿದ ಮೇಲೆ ಗಾಳಿಯ ತೇವಕ್ಕೆ ವಾಸನೆ ಮತ್ತೆ ಏಳುತ್ತದೆ. ಆದ್ದರಿಂದ ಈ ಎರಡು ತಿಂಗಳು ಬಿಡದೆ ಮಾಡಿ.

ವಾಸನೆ ಹೋಯಿತಾ ಅಂತ ರೂಮಿನಲ್ಲೇ ನಿಂತು ಪರೀಕ್ಷೆ ಮಾಡಬೇಡಿ. ಮೂಗು ಹತ್ತು ನಿಮಿಷಕ್ಕೆ ಒಗ್ಗಿಕೊಳ್ಳುತ್ತದೆ. ರಾತ್ರಿ ಎಲ್ಲ ಮುಚ್ಚಿಟ್ಟು, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆಗೋ ಎಲ್ಲಿಗೋ ವಾಕ್ ಹೋಗಿ ಬಂದು, ಸೀದಾ ಮೇಲೆ ಹತ್ತಿ ಬಾಗಿಲು ತೆಗೆಯಿರಿ. ಆ ಮೊದಲ ಉಸಿರೇ ನಿಮ್ಮ ಮೀಟರು.

ಈಗ ಅಳಿಯಂದಿರ ಪ್ಯೂರಿಫೈಯರ್. ಅದರಲ್ಲಿರುವ ಹೆಪಾ ಫಿಲ್ಟರ್ ಧೂಳು, ಹೊಗೆಯ ಕಣ ಹಿಡಿಯುತ್ತದೆ. ಅನಿಲ ಅದರ ನಡುವೆ ಹಾಯಾಗಿ ದಾಟಿ ಹೋಗುತ್ತದೆ. ಮಂಡ್ಯದ ಕಡೆ ಕಬ್ಬು ಕಡಿದು ತರಗಿಗೆ ಬೆಂಕಿ ಇಡುವ ದಿನಗಳಲ್ಲಿ, ಕಿಟಕಿ ಮುಚ್ಚಿ ಪ್ಯೂರಿಫೈಯರ್ ಹಾಕಿದರೆ ಅದಕ್ಕೊಂದು ಅರ್ಥ ಇದೆ. ದೀಪಾವಳಿ ರಾತ್ರಿಗೂ ಸರಿ. ನಿಮ್ಮ ಕಣ್ಣುರಿಗೆ ಅಲ್ಲ. ಓಝೋನ್ ಬಿಡುವ ಮೆಷಿನ್ನಂತೂ ಮನೆ ಹೊಸ್ತಿಲು ದಾಟಬಾರದು, ಅದು ಪುಪ್ಪುಸಕ್ಕೇ ವಿಷ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧ ಅನ್ನುವ ಮಾತೂ ಹರಿದಾಡುತ್ತಿದೆ. ಅದು ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ, ಗಾಳಿ ಆಡದ ಸಣ್ಣ ಪೆಟ್ಟಿಗೆಯಲ್ಲಿ ಗಿಡ ಇಟ್ಟು ನೋಡಿದ್ದು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು 2019ರಲ್ಲಿ ಲೆಕ್ಕ ಹಾಕಿದಾಗ, ಮಾಮೂಲಿ ಕಟ್ಟಡದಲ್ಲಿ ಗಾಳಿ ತಾನಾಗಿ ಬಂದು ಹೋಗುವಷ್ಟೇ ಕೆಲಸ ಮಾಡಲು ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಬಂತು. ಬಾಣಂತಿ ಮಲಗಲು ಜಾಗ ಎಲ್ಲಿ?

ಆ ದುಡ್ಡಿಗೆ ಕಿಟಕಿಗಳಿಗೆಲ್ಲ ಸೊಳ್ಳೆ ಮೆಶ್ ಹಾಕಿಸಿಕೊಡಿ ಅಂತ ಅಳಿಯಂದಿರಿಗೆ ಹೇಳಿ. ತಮಾಷೆ ಮಾಡುತ್ತಿಲ್ಲ. ಮೈಸೂರಿನ ಹವೆಗೆ ವರ್ಷದ ಬಹುಪಾಲು ಕಿಟಕಿ ತೆರೆದೇ ಇಡಬಹುದು. ಆದರೂ ಸಂಜೆ ಐದೂವರೆ ಆಯಿತು ಅಂದರೆ ಬೀದಿಯಲ್ಲಿ ಕಿಟಕಿ ಮುಚ್ಚುವ ಟಪಟಪ ಸದ್ದು, ಸೊಳ್ಳೆಗೆ ಹೆದರಿ. ಆಮೇಲೆ ಬೆಳಿಗ್ಗೆ ಆರರವರೆಗೆ ಪೇಂಟು, ಪ್ಲೈವುಡ್, ಒಗ್ಗರಣೆ, ಊದುಬತ್ತಿ, ಸೊಳ್ಳೆಬತ್ತಿ ಎಲ್ಲದರ ಜೊತೆ ನಾವೂ ಒಳಗೆ ಬಂದಿ. ಮೆಶ್ ಇದ್ದರೆ ಕಿಟಕಿಯೂ ತೆರೆದಿರುತ್ತದೆ, ಸೊಳ್ಳೆಬತ್ತಿಯೂ ತಪ್ಪುತ್ತದೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕೆಲವು ಬತ್ತಿಗಳಲ್ಲಿ ಫಾರ್ಮಾಲ್ಡಿಹೈಡ್ ಕೂಡ 51 ಸಿಗರೇಟಿನಷ್ಟು ಬಂದಿತ್ತು. ಮಗುವಿಗೆ ಮಾತ್ರ ಮೆಶ್ ಸಾಲದು, ಮೇಲೊಂದು ಸೊಳ್ಳೆ ಪರದೆಯೂ ಇರಲಿ. ಮೆಶ್‌ಗೆ ಧೂಳು ಕಟ್ಟುತ್ತದೆ, ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಊದುಬತ್ತಿಯ ವಿಷಯ ಬರೆಯಲು ಸ್ವಲ್ಪ ಕೈ ಹಿಂಜರಿಯುತ್ತದೆ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಎಷ್ಟೋ ಮನೆಗಳ ಅನ್ನ ಅದರಿಂದ. ಆದರೆ ಹೊಗೆ ಹೊಗೆಯೇ. ಒಂದು ಗ್ರಾಂ ಬತ್ತಿ ಉರಿದರೆ ಸುಮಾರು 45 ಮಿಲಿಗ್ರಾಂ ಕಣ, ಒಂದು ಗ್ರಾಂ ಸಿಗರೇಟಿಗೆ ಸುಮಾರು 10. ದೇವರ ಮುಂದೆ ಒಂದು ಹಚ್ಚಿ, ಕಿಟಕಿ ಹತ್ತಿರ, ಮಂಗಳಾರತಿ ಆದ ಮೇಲೆ ಆರಿಸಿ. ನಾನೂ ಹಾಗೇ ಮಾಡುತ್ತೇನೆ. ಕೆಟ್ಟ ವಾಸನೆ ಮುಚ್ಚಲು ಊದುಬತ್ತಿ ಹಚ್ಚುವುದನ್ನು ಮಾತ್ರ ಬಿಡಿ.

ಅತ್ತೆಯವರ ಸಾಂಬ್ರಾಣಿಗೆ ನನ್ನ ವಿರೋಧ ಅರ್ಧ. ಅಗ್ಗಿಷ್ಟಿಕೆಗೆ ಪೂರ್ತಿ. ಮುಚ್ಚಿದ ರೂಮಿನಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ನಿದ್ದೆ, ಆಮೇಲೆ ಏಳುವುದೇ ಇಲ್ಲ. ಹಿಂದೆ ಅಗ್ಗಿಷ್ಟಿಕೆ ಇಟ್ಟಿದ್ದ ಮನೆಗಳಿಗೆ ಹೆಂಚಿನ ಮಾಡು ಇತ್ತು, ಸಂದಿ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ತೊಟ್ಟಿ ಮನೆಯಾದರೆ ನಡುವೆ ಆಕಾಶವೇ ಇತ್ತು. ನಿಮ್ಮದು ಆರ್‌ಸಿಸಿ ಮನೆ, ಸ್ಲೈಡಿಂಗ್ ಕಿಟಕಿ. "ಅಜ್ಜಿ, ನಿಮ್ಮ ಕಾಲದ ಮನೆಗೂ ಈಗಿನ ಮನೆಗೂ ವ್ಯತ್ಯಾಸ ಇದೆ" ಅಂತ ಇದನ್ನೇ ಹೇಳಿ ನೋಡಿ. ಶಾಸ್ತ್ರ ತಪ್ಪು ಅಂದರೆ ಅವರು ಒಪ್ಪಲ್ಲ, ಮನೆ ಬೇರೆ ಅಂದರೆ ಒಪ್ಪಬಹುದು. ಬೆಚ್ಚಗಿಡಲು ಕುಲಾವಿ, ಕಾಲುಚೀಲ, ಮೆತ್ತನೆ ಹೊದಿಕೆ ಇವೆ. ಸಾಂಬ್ರಾಣಿಯನ್ನು ಅತ್ತೆ ದೇವರ ಮನೆಯಲ್ಲಿ ಹಾಕಲಿ, ಬಾಗಿಲು ಕಿಟಕಿ ತೆರೆದು. ಎಣ್ಣೆ ನೀರಾದ ಮೇಲೆ ಬಾಣಂತಿ ಬಾಲ್ಕನಿ ಬಿಸಿಲಿಗೆ ಕೂದಲು ಒಣಗಿಸಿಕೊಳ್ಳಲಿ. ಮಗುವಿನ ಕೂದಲು ಇರುವುದೇ ಒಂದು ಹಿಡಿ, ಬಟ್ಟೆಯಲ್ಲಿ ಒತ್ತಿದರೆ ಒಣಗಿತು. ಅದರ ಮುಖಕ್ಕೆ ಹೊಗೆ ಹಿಡಿಯಬೇಡಿ.

ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇದೆಯಾ? ಬಾಣಂತಿ ನೀರು ಅಂದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಬಾಗಿಲು ಹಾಕಿ, ಶೀತ ಆಗಬಾರದು ಅಂತ ವೆಂಟಿಲೇಟರಿಗೂ ಬಟ್ಟೆ ತುರುಕುತ್ತಾರೆ. ಗೀಸರ್ ಅಷ್ಟೂ ಹೊತ್ತು ಒಳಗಿನ ಗಾಳಿಯನ್ನೇ ತಿಂದು ಉರಿಯುತ್ತದೆ. ಇದೂ ಅದೇ ಕಾರ್ಬನ್ ಮೊನಾಕ್ಸೈಡ್. ಇದ್ದರೆ ಹೆರಿಗೆಗೆ ಮೊದಲೇ ಹೊರಗಿನ ಗೋಡೆಗೆ ಸ್ಥಳಾಂತರ ಮಾಡಿಸಿ. ಅದಾಗದಿದ್ದರೆ ಸೋಲಾರ್ ನೀರು, ಕರೆಂಟ್ ಗೀಸರ್, ಹಿತ್ತಿಲಿನ ಹಂಡೆ, ಯಾವುದಾದರೂ ಸರಿ. ಈ ಒಂದು ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡಿ.

ಇನ್ನೊಂದು, ಯಾರೂ ಕೇಳದೆ ಇರುವುದು: ಹಳೇ ಸೀರೆ. ಮಗುವಿಗೆ ಸುತ್ತಲು, ಕೆಳಗೆ ಹಾಸಲು ಅಜ್ಜಿಯ ಮೆತ್ತನೆ ಕಾಟನ್ ಸೀರೆಗಿಂತ ಒಳ್ಳೆಯದು ಇಲ್ಲ. ಅದು ಎಲ್ಲಿರುತ್ತದೆ? ಟ್ರಂಕಿನ ತಳದಲ್ಲಿ, ನಾಲ್ಕು ನುಸಿ ಗುಳಿಗೆಯ ಜೊತೆ. ನುಸಿ ಗುಳಿಗೆ ಅಂದರೆ ನ್ಯಾಫ್ತಲೀನ್. ಅದು ಗಟ್ಟಿಯಿಂದ ಸೀದಾ ಆವಿಯಾಗಿ ಬಟ್ಟೆಯ ಎಳೆ ಎಳೆಯಲ್ಲಿ ಕೂರುತ್ತದೆ. ಹುಟ್ಟುವಾಗಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಮಕ್ಕಳು ಇರುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ಈ ಬಟ್ಟೆ ಸುತ್ತಿದರೆ ಕೆಂಪು ರಕ್ತಕಣ ಒಡೆದು, ಕಾಮಾಲೆ ಏರಿ, ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ಮೈಗೆ ಎಣ್ಣೆ ಹಚ್ಚಿದ್ದರೆ ಚರ್ಮ ಅದನ್ನು ಇನ್ನೂ ಬೇಗ ಹೀರುತ್ತದೆ, ನಮ್ಮಲ್ಲಿ ಹಚ್ಚದೆ ಬಿಡುತ್ತಾರೆಯೇ. ನವಜಾತ ಶಿಶುಗಳಲ್ಲಿ ಹೀಗೆ ಆಗಿದ್ದು ವೈದ್ಯಕೀಯ ದಾಖಲೆಗಳಲ್ಲಿ ಬಹಳ ಹಿಂದಿನಿಂದ ಇದೆ.

ಹಾಗಾಗಿ ಇವತ್ತೇ ಟ್ರಂಕು ತೆಗೆಯಿರಿ. ಗುಳಿಗೆ ಆರಿಸಿ ಎಸೆಯಿರಿ. ಬಳಸುವ ಸೀರೆಗಳನ್ನು ಸೋಪು ಹಾಕಿ ಬಿಸಿನೀರಿನಲ್ಲಿ ಒಗೆದು, ತಾರಸಿ ಬಿಸಿಲಿಗೆ ದಿನಗಟ್ಟಲೆ ಹರವಿ, ಮತ್ತೆ ಒಗೆದು ಮತ್ತೆ ಹರವಿ. ಮಡಿಸಿ ಮೂಗಿಗೆ ಒತ್ತಿದಾಗ ಚೂರು ವಾಸನೆ ಬಂದರೂ ಅದು ಮಗುವಿಗೆ ಬೇಡ, ನೆಲ ಒರೆಸಲು ಇಟ್ಟುಕೊಳ್ಳಿ. ಉಳಿದ ಬಟ್ಟೆಗೆ ಒಣಗಿದ ಬೇವಿನ ಸೊಪ್ಪು ಹಾಕಿ, ವರ್ಷಕ್ಕೆರಡು ಸಲ ಬಿಸಿಲು ಕಾಣಿಸಿ. ಬೇವಿಗೆ ಗುಳಿಗೆಯಷ್ಟು ಶಕ್ತಿ ಇಲ್ಲ, ಒಪ್ಪುತ್ತೇನೆ. ಒಂದೆರಡು ಸೀರೆಗೆ ತೂತು ಬಿದ್ದರೆ ಬೀಳಲಿ. ಟಾಯ್ಲೆಟ್ಟಿನಲ್ಲಿ ನೇತು ಹಾಕುವ ಬಣ್ಣದ ಬಿಲ್ಲೆಗಳೂ ಇದೇ ಬಳಗದವು. ಅವೂ ಆಚೆ ಹೋಗಲಿ.

ಬಾಣಂತಿ ಮನೆಗೆ ನೆಂಟರು ಬರುತ್ತಾರೆ ಅಂತ ಬಾತ್‌ರೂಮು ತಿಕ್ಕುವಾಗ ಬ್ಲೀಚಿಂಗ್ ಪೌಡರಿನ ಜೊತೆ ಆಸಿಡ್ ಸುರಿಯಬೇಡಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವೂ ಆಸಿಡ್ಡೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದನ್ನೇ. ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು. ಇದನ್ನು ಕೆಲಸಕ್ಕೆ ಬರುವವರಿಗೂ ಹೇಳಿ, ಕಷ್ಟ ಪಡುವುದು ಅವರೇ.

ಗೋಡೆ ಪೇಂಟು ನೀರಿನಲ್ಲಿ ಕಲಸುವ ಎಮಲ್ಷನ್ ಆಗಿದ್ದರೆ ಅದರ ಚಿಂತೆ ಬಿಡಿ, ಒಂದೂವರೆ ತಿಂಗಳಲ್ಲಿ ಬಹುಪಾಲು ಹೋಗಿರುತ್ತದೆ. ಬಾಗಿಲು, ಗ್ರಿಲ್ಲಿಗೆ ಹೊಡೆದ ಎನಾಮೆಲ್ ಇನ್ನಷ್ಟು ವಾರ ವಾಸನೆ ಬಿಡುತ್ತದೆ. ಫೋಮ್ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಕಿತ್ತು, ನೆರಳಿರುವ ಬಾಲ್ಕನಿಯಲ್ಲಿ ವಾರ ಎರಡು ವಾರ ನಿಲ್ಲಿಸಿ. ಬಾಣಂತಿಗೂ ಮಗುವಿಗೂ ಮಾತ್ರ ಹತ್ತಿ ಹಾಸಿಗೆಯೇ ಇರಲಿ, ಮನೆಯಲ್ಲಿ ಹಳೆಯದು ಇದ್ದರೆ ಬಿಚ್ಚಿ, ಹತ್ತಿ ಬಿಡಿಸಿ ಮತ್ತೆ ಹೊಲಿಸಿ.

ಕೊನೆಗೆ ತೊಟ್ಟಿಲು. ದಯವಿಟ್ಟು ಕೆರೆಸಬೇಡಿ. ನಿಮ್ಮ ಯಜಮಾನರು ಮಲಗಿದ್ದು ಅಂದರೆ ಆ ಬಣ್ಣಕ್ಕೆ ಐವತ್ತು ಅರವತ್ತು ವರ್ಷ. ಆ ಕಾಲದ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಬೆರೆಸುವುದು ಮಾಮೂಲು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ದಾಟಬಾರದು ಅಂತ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಸೀಸವೆಲ್ಲ ಹಿಟ್ಟಿನ ಹಾಗೆ ಮನೆ ತುಂಬ ಹರಡುತ್ತದೆ. ಕಿಟಕಿ ದಂಡೆ, ಚಾಪೆ, ಆಮೇಲೆ ಅಂಬೆಗಾಲಿಡುವ ಮಗುವಿನ ಕೈ, ಅಲ್ಲಿಂದ ಬಾಯಿ. ಸೀಸ ಎಳೆ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಗರ್ಭಿಣಿಯೂ ಅದರ ಹತ್ತಿರ ಇರಬಾರದು.

ಬಣ್ಣ ಎಲ್ಲೂ ಎದ್ದಿಲ್ಲ, ಗಟ್ಟಿಯಾಗಿದೆ ಅಂದರೆ ಅಟ್ಟದಿಂದ ಇಳಿಸಿ ಒದ್ದೆ ಬಟ್ಟೆ, ಸೋಪು ನೀರಿನಲ್ಲಿ ಹೊರಗಡೆ ಒರೆಸಿ, ಆ ಬಟ್ಟೆ ಎಸೆದುಬಿಡಿ. ಸಿಪ್ಪೆ ಎದ್ದಿದ್ದರೆ ಅಟ್ಟದಲ್ಲೇ ಇರಲಿ. ಗಟ್ಟಿ ಇರುವ ತೊಟ್ಟಿಲನ್ನೂ ನಾಮಕರಣದ ದಿನಕ್ಕೆ ಮಾತ್ರ ಇಟ್ಟುಕೊಳ್ಳಿ. ಹೂವು ಕಟ್ಟಿ, ಒಳಗೆ ದಪ್ಪ ಹಾಸು ಹಾಕಿ, ಅಂಚಿಗೆ ಬಟ್ಟೆ ಸುತ್ತಿ, ಹೆಸರು ಕರೆಯುವಷ್ಟು ಹೊತ್ತು ಮಲಗಿಸಿ. ದಿನದ ತೂಗಿಗೆ ಜೋಲಿ ಕಟ್ಟಿ, ಹತ್ತಿರ ಯಾರಾದರೂ ಕೂತಿರಲಿ. ಅದಕ್ಕೆ ಅತ್ತೆಯವರ ಸೀರೆಯನ್ನೇ ಕೇಳಿ. ಸಾಂಬ್ರಾಣಿ ಬೇಡ ಅಂದ ಮುನಿಸು ಸ್ವಲ್ಪ ಇಳಿಯಬಹುದು. ಟ್ರಂಕಿನದಲ್ಲ, ದಿನಾ ಉಟ್ಟು ಒಗೆದು ತೆಳ್ಳಗಾಗಿರುವುದು.